ಕಳಕಮ್ಮ ನಿಲ್ಲದ ಸಾಲು

ಗುಡ್ಡದಹಾಳದ ಹೈಸ್ಕೂಲಿನ ಮಕ್ಕಳು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯನ್ನು ಒಂದೇ ದಿನ ಎರಡು ಸಲ ಎದುರಿಸುತ್ತಾರೆ. ಬೆಳಿಗ್ಗೆ ಕುಷ್ಟಗಿ ಸೆಂಟರಿನಲ್ಲಿ ಸರ್ಕಾರದ್ದು. ಮಧ್ಯಾಹ್ನ ಊರಿಗೆ ಮರಳಿದ ಮೇಲೆ ಶಾಲೆಯ ಬಯಲಲ್ಲಿ ಲಕ್ಷ್ಮಣಪ್ಪ ಮಾಸ್ತರರದ್ದು. ಸರ್ಕಾರದ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮಾಸ್ತರರದು ಹಾಗಲ್ಲ, ನಿಂತ ಕಾಲಲ್ಲೇ. ಅವರು ಪ್ರಶ್ನೆಪತ್ರಿಕೆ ಹಿಡಿದು ಒಂದೊಂದೇ ಉತ್ತರ ಓದುತ್ತಾರೆ. ಮಕ್ಕಳು ತಾವು ಬರೆದದ್ದನ್ನು ಹೇಳುತ್ತಾರೆ. ಮಾಸ್ತರರು ಅಂಕ ಕೂಡಿಸಿ, ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ಸುಣ್ಣದ ಪುಡಿಯಲ್ಲಿ ಎಳೆದ ಮೂರು ಗೆರೆಗಳ ಮೇಲೆ ಅವರನ್ನು ನಿಲ್ಲಿಸುತ್ತಾರೆ. ಮೊದಲನೆಯದು ಪಾಸಿನ ಸಾಲು, ನಡುವಿನದು ಡೌಟಿನ ಸಾಲು, ಕಡೆಯದು ಫೇಲಿನ ಸಾಲು. ಎಂಬತ್ತಕ್ಕೆ ಇಪ್ಪತ್ತೆಂಟರಿಂದ ಮೂವತ್ತೈದರೊಳಗೆ ಬಂದರೆ ಡೌಟು. ಇಪ್ಪತ್ತೆಂಟಕ್ಕೆ ಒಂದು ಕಡಿಮೆಯಾದರೂ ಕಡೆಯ ಗೆರೆ.

ಊರಿಗೆ ಇದೊಂದು ಹಬ್ಬ. ಕಂಪೌಂಡಿನ ಕಟ್ಟೆಯ ಮೇಲೆ ಅಪ್ಪಂದಿರು, ಚಿಕ್ಕಪ್ಪಂದಿರು, ಕೆಲಸವಿಲ್ಲದವರು, ಕೆಲಸ ಬಿಟ್ಟು ಬಂದವರು ಎಲ್ಲ ಸಾಲಾಗಿ ಕೂರುತ್ತಾರೆ. ಯಾರ ಮಗ ಯಾವ ಗೆರೆಗೆ ಅಂತ ಚಹಾದ ಶರತ್ತು ಕಟ್ಟುವ ಪುಣ್ಯಾತ್ಮರೂ ಉಂಟು. ಕಡೆಯ ಗೆರೆಯ ಮೇಲೆ ನಿಂತ ಹುಡುಗನನ್ನು ಅವನಪ್ಪ ಮರುದಿನವೇ ಗ್ಯಾರೇಜಿಗೆ ಹಚ್ಚುತ್ತಾನೆ, ಹುಡುಗಿಯಾದರೆ ಗಂಡು ನೋಡುವ ಮಾತು ತೆಗೆಯುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇಲ್ಲಿ ಕುಲಾವಿಯ ಅಳತೆಗೆ ಕೂಸನ್ನೇ ಒತ್ತಿ ತುಂಬುತ್ತಾರೆ. ಕೇಳಿದರೆ ಒಂದೇ ಮಾತು: ಮಾಸ್ತರರ ಸಾಲು ಸುಳ್ಳಾಗಂಗಿಲ್ಲ.

ಹಾಗಂತ ಲಕ್ಷ್ಮಣಪ್ಪ ಮಾಸ್ತರರು ಕೆಟ್ಟವರೇನಲ್ಲ. ಪರೀಕ್ಷೆಗೆ ಮುಂಚೆ ಎರಡು ತಿಂಗಳು ಬೆಳಿಗ್ಗೆ ಸಂಜೆ ಬಿಟ್ಟಿ ಪಾಠ ಹೇಳುವ ಮನುಷ್ಯ. ದಡ್ಡರಿಗೆಂದೇ ಪ್ರಮೇಯ, ಗ್ರಾಫು, ಶ್ರೇಢಿಯ ಸೂತ್ರ ಸೇರಿಸಿ 'ಪಾಸಿಂಗ್ ಪ್ಯಾಕೇಜ್' ಅಂತ ಮಾಡಿ, ಗಿಣಿಗೆ ಕಲಿಸುವ ಹಾಗೆ ಕಲಿಸುತ್ತಾರೆ. ಫೇಲಾಗುವಂಥ ಮಕ್ಕಳು, ಮತ್ತೆ ಬರೆಯುವ ಎರಡನೇ ಪರೀಕ್ಷೆಗೆ ಈಗಿನಿಂದಲೇ ತಯಾರಾಗಲಿ ಅಂತ ಸಾಲು ಶುರು ಮಾಡಿದ್ದೂ ಅವರೇ. ಅದನ್ನು ಊರು ತನ್ನ ತೀರ್ಪು ಮಾಡಿಕೊಂಡಿತು, ಮಾಸ್ತರರು ಬೇಡವೆನ್ನಲಿಲ್ಲ. ಹತ್ತು ಜನ ತನ್ನ ಮಾತನ್ನು ಕಾಯುತ್ತ ಕೂತರೆ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ.

ಆ ಮೂರು ಗೆರೆಗಳಲ್ಲಿ ಯಾವುದರ ಮೇಲೂ ನಿಲ್ಲದೆ ಹೋದವಳು ಒಬ್ಬಳೇ ಒಬ್ಬಳು. ಅವಳು ಕಳಕಮ್ಮ, ಗಾರೆ ಕೆಲಸದ ವಿರುಪಣ್ಣನ ಹಿರಿಮಗಳು. ಆ ದಿನದ ಸುದ್ದಿಯನ್ನು ಊರವರು ತಮಗೆ ಬೇಕಾದ ಹಾಗೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಇಲ್ಲಿರುವುದು ನಡೆದದ್ದು ನಡೆದ ಹಾಗೆ.

ವಿರುಪಣ್ಣ ಮತ್ತು ಅವನ ಹೆಂಡತಿ ಹಂಪವ್ವ ದೀಪಾವಳಿ ಮುಗಿದು ಹೊಲದ ಕೆಲಸ ತೀರಿದ ಕೂಡಲೇ ಉಡುಪಿ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುವವರು. ಉಗಾದಿಗೆ ಬಂದು ಹೋಳಿಗೆ ಉಂಡು ಮತ್ತೆ ಹೋದರೆ, ಮುಂಗಾರು ಹನಿದಾಗಲೇ ವಾಪಸು. ಇದನ್ನು ಗೋಳೆಂದು ಯಾರೂ ಕಣ್ಣೊರೆಸಿಕೊಳ್ಳಬೇಕಾಗಿಲ್ಲ. ಅದು ಅವರ ನೌಕರಿ. ಅದೇ ದುಡಿಮೆಯಿಂದ ಮನೆಗೆ ಸ್ಲ್ಯಾಬು ಬಿದ್ದಿದೆ, ಗೋಡೆಗೆ ನೀಲಿ ಬಣ್ಣ ಬಂದಿದೆ. ಆದರೆ ಆ ಬಣ್ಣದ ಬೆಲೆ ತೆತ್ತವಳು ಕಳಕಮ್ಮ. ಒಂದನೆಯ ತರಗತಿಯಿಂದ ಏಳನೆಯದರವರೆಗೆ ಅವಳೂ ಪ್ರತಿವರ್ಷ ಗುಳೆಯ ಗಾಡಿ ಹತ್ತಿದಳು. ಐದನೆಯ ತರಗತಿಯಲ್ಲಿದ್ದಾಗ ತಮ್ಮ ಗಾಳೇಶ ಹುಟ್ಟಿದ. ಅವ್ವ ಇಟ್ಟಿಗೆ ಹೊರುವಾಗ ಅವನ ಜೋಳಿಗೆ ತೂಗುವ ಕೆಲಸ ಇವಳದಾಯಿತು.

ಹೀಗಾಗಿ ಕಳಕಮ್ಮನಿಗೆ ಬರುವ ವಿದ್ಯೆಯೆಲ್ಲ ಜೂನಿನಿಂದ ದೀಪಾವಳಿವರೆಗಿನದು. ಕನ್ನಡದಲ್ಲಿ, ಸಮಾಜದಲ್ಲಿ ಈ ಕೊರತೆ ಯಾರಿಗೂ ಕಾಣುವುದಿಲ್ಲ. ಗಣಿತ ಮಾತ್ರ ಬಲು ಹಟಮಾರಿ, ಒಂದು ಮೆಟ್ಟಿಲು ತಪ್ಪಿದರೆ ಮುಂದಿನದಕ್ಕೆ ಕಾಲಿಡಗೊಡದು. ಭಾಗಾಕಾರ ಮಳೆಗಾಲದ ಪಾಠ, ಅವಳಿಗೆ ಬಂತು. ಏಳನೆಯ ತರಗತಿಯಲ್ಲಿ ಒಬ್ಬ ಟೀಚರು ಜುಲೈ ತಿಂಗಳಲ್ಲಿ ಭಾಗಾಕಾರವನ್ನು ಬಿಂದುವಿನಾಚೆಗೂ ಎಳೆಯುವುದನ್ನು ಕಲಿಸಿದರು, ಅದೂ ಬಂತು. ಭಿನ್ನರಾಶಿ ಚಳಿಗಾಲದ ಪಾಠ. ಊರಲ್ಲಿ ಮಕ್ಕಳು ರೊಟ್ಟಿಯ ಚಿತ್ರ ಬರೆದು ಕಾಲು, ಅರ್ಧ, ಮುಕ್ಕಾಲು ಅಂತ ಬಣ್ಣ ತುಂಬುವಾಗ ಇವಳು ಉಡುಪಿಯ ಯಾವುದೋ ಕಟ್ಟಡದ ಕೆಳಗೆ ತಮ್ಮನ ಜೋಳಿಗೆ ತೂಗುತ್ತಿದ್ದಳು. ಹಾಗಾಗಿ ಮೇಲೊಂದು ಕೆಳಗೊಂದು ಅಂಕಿ ಕೂತದ್ದು ಕಂಡರೆ ಸಾಕು, ತಟ್ಟನೆ ಮೇಲಿನದನ್ನು ಕೆಳಗಿನದರಿಂದ ಭಾಗಿಸಿ, ಬಿಂದು ಇಟ್ಟು, ಸಾಲಾಗಿ ಬರೆದುಕೊಂಡು ಬಿಡುತ್ತಾಳೆ.

ಎಂಟನೆಯ ತರಗತಿಗೆ ಬಂದ ವರ್ಷ ಗಾಡಿ ಬಂದಾಗ ಅಜ್ಜಿಯ ಸೀರೆಯ ಸೆರಗು ಹಿಡಿದು ಕೂತಳು, ಏಳಲಿಲ್ಲ. ಬೈದರೂ ಏಳಲಿಲ್ಲ, ಹೊಡೆದರೂ ಏಳಲಿಲ್ಲ. "ಇರಲಿ ಬಿಡೋ, ನನಗೂ ಒಂದು ಚರಿಗಿ ನೀರು ಕೊಡಾಕ ಯಾರರ ಬೇಕಲ್ಲ," ಅಂದಳು ಅಜ್ಜಿ. ವಿರುಪಣ್ಣ ಹತ್ತರ ತನಕ ಇರಲೆಂದು ಒಪ್ಪಿದ. ಆಮೇಲಿನ ಮಾತು ಆಮೇಲೆ.

ಆ ಆಮೇಲಿನ ಮಾತು ಈ ಉಗಾದಿಗೆ ಬಂತು. ಗುಳೆ ಕರೆದೊಯ್ಯುವ ಮೇಸ್ತ್ರಿ ಗ್ಯಾನಪ್ಪ ದೊಡ್ಡದೊಂದು ಕಟ್ಟಡದ ಕೆಲಸ ಹಿಡಿದಿದ್ದ. ತಂಡಕ್ಕೆ ಅಡುಗೆ ಮಾಡಲು, ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಬೇಕಿತ್ತು. "ನಿನ್ನ ಮಗಳು ಹೆಂಗೂ ಹತ್ತು ಮುಗಸ್ತಾಳ, ಜೋಡಿಗೆ ಕರಕೊಂಡು ಬಾ," ಅಂದ. ಮಗಳು ಕಾಲೇಜಿಗೆ ಹೋಗುತ್ತೇನೆ ಅಂದಳು. ವಿರುಪಣ್ಣ ಇಬ್ಬರನ್ನೂ ನೋಡಿ ಒಂದು ಉಪಾಯ ತೆಗೆದ.

"ನೋಡವಾ, ಫಲಿತಾಂಶ ಬರೂತನಕ ಗ್ಯಾನಪ್ಪ ಕಾಯಂಗಿಲ್ಲ. ಮಾಸ್ತರ ಸಾಲು ಐತಲ್ಲ, ಅದನ್ನ ನೋಡೂಣು. ಮೊದಲಿನ ಎರಡು ಸಾಲಿನ್ಯಾಗ ನಿಂತ್ರ ನೀ ಇಲ್ಲೇ ಇರು, ಕಾಲೇಜಿಗೆ ಹಚ್ತೀನಿ. ಕಡೀ ಸಾಲಿನ್ಯಾಗ ನಿಂತ್ರ ಕಮಕ್ ಕಿಮಕ್ ಅನ್ನದ ಗಾಡಿ ಹತ್ತಬೇಕು."

"ಹೂಂ ಯಪ್ಪಾ," ಅಂದಳು ಕಳಕಮ್ಮ. ಬೇರೆ ಏನು ಅನ್ನಬೇಕೆಂದು ಆಗ ಅವಳಿಗೆ ತೋಚಲಿಲ್ಲ.

ಗಣಿತ ಪರೀಕ್ಷೆಯ ದಿನ ಕುಷ್ಟಗಿಯಿಂದ ವಾಪಸು ಬರುವಾಗ ಟಂಟಂ ಆಟೋ ತುಂಬ ಗದ್ದಲವೋ ಗದ್ದಲ. ಪರೀಕ್ಷೆಯ ಹಾಲಿನಲ್ಲಿ ಕ್ಯಾಮೆರಾದ ಕೆಳಗೆ ಮೂರು ತಾಸು ಬಾಯಿ ಹೊಲಿದುಕೊಂಡು ಕೂತ ಮಕ್ಕಳು ಈಗ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟಿದ್ದರು. ದಾಳಿಂಬೆ ತೋಟಗಳು ಎರಡೂ ಬದಿಗೆ ಹಿಂದೋಡುತ್ತಿದ್ದವು, ಯಾರೂ ಅತ್ತ ನೋಡಲಿಲ್ಲ.

"ನಾಕನೇದಕ್ಕ ಏನ್ ಹಾಕೀದಿ?"

"ಬಿ."

"ಬಿ ಎಲ್ಲಿದಲೇ, ಸಿ ಅದು!"

"ಯವ್ವಾ, ಹೋತಲ್ಲೋ ಒಂದು!"

ಗೊಬ್ಬರದಂಗಡಿಯ ಸಿದ್ದಲಿಂಗೇಶ ಮುಂದೆ ಡ್ರೈವರನ ಪಕ್ಕ ಕೂತಿದ್ದ. ತರಗತಿಗೆ ಮೊದಲಿಗ. ಅವನು ಸಿ ಅಂದರೆ ಟಂಟಂ ತುಂಬ ಸಿ, ಅವನು ಬಿ ಅಂದರೆ ಎಲ್ಲರ ಎದೆಯಲ್ಲೂ ಬಿ. ಎಂಬತ್ತಕ್ಕೆ ಎಂಬತ್ತು ಬರುವುದು ಒಂದರಲ್ಲಿ ತಪ್ಪಿತೆಂದು ಮುಖ ಹುಳ್ಳಗೆ ಮಾಡಿಕೊಂಡಿದ್ದ. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಅಂತಾರಲ್ಲ, ಹಾಗೆ.

ಕಳಕಮ್ಮನ ಪಕ್ಕದಲ್ಲಿ ಖುಷ್ಬು. ಒಂದನೆಯ ತರಗತಿಯಿಂದ ಇವಳ ಗೆಳತಿ, ಬಳೆ ಮಾರುವ ದಾವಲಬೀಯ ಮಗಳು. ಅವಳು ಬೆರಳ ಗೆಣ್ಣು ಎಣಿಸುತ್ತ ಅಂಕ ಕೂಡಿಸುತ್ತಿದ್ದಳು. "ಪ್ರಮೇಯ ನಾಕು, ಗ್ರಾಫ್ ನಾಕು... ಲೇ ಕಳಕಿ, ಚಿತ್ರ ಬರದು ಬಿಟ್ಟಿದ್ದಕ್ಕ ಅರ್ಧನಾದ್ರೂ ಕೊಡಂಗಿಲ್ಲೇನ? ಪೆನ್ಸಿಲ್ ಎಷ್ಟು ಛಲೋ ಕೆತ್ತಿದ್ದೆ!"

"ಕೆತ್ತಿದ್ದಕ್ಕ ಕೊಟ್ರ ಬಡಗಿ ಮಗಂದು ಮೊದಲನೇ ನಂಬರು," ಅಂದಳು ಕಳಕಮ್ಮ. ಖುಷ್ಬು ಬಿದ್ದು ಬಿದ್ದು ನಕ್ಕಳು.

"ಆ ಚೆಂಡಿನ ಲೆಕ್ಕ ಎಷ್ಟು ಬಂತು ನಿನಗ?" ನಗು ಮುಗಿದ ಮೇಲೆ ಖುಷ್ಬು ಕೇಳಿದಳು. ಒಂದು ಚೀಲದಲ್ಲಿ ಮೂರು ಕೆಂಪು ಚೆಂಡು, ಐದು ಕಪ್ಪು ಚೆಂಡು ಇವೆ. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಅದು ಕೆಂಪಾಗಿರುವ ಸಂಭವನೀಯತೆ ಎಷ್ಟು ಅನ್ನುವ ಎರಡು ಅಂಕದ ಪ್ರಶ್ನೆ ಅದು.

"ಸೊನ್ನೆ ಪಾಯಿಂಟ್ ಮೂರು ಏಳು ಐದು."

ಟಂಟಂ ಗೊಳ್ಳೆಂದಿತು. "ಚೆಂಡು ಪಾಯಿಂಟಿನ್ಯಾಗ ಬರ್ತಾವೇನಲೇ? ಮೂರು ಬೈ ಎಂಟು ಅದು!" ಅಂತ ಹಿಂದಿನಿಂದ ಯಾರೋ ಕೂಗಿದರು. ಸಿದ್ದಲಿಂಗೇಶ ತಿರುಗಿ, "ನಂದೂ ಮೂರು ಬೈ ಎಂಟು," ಅಂದ. ಅಲ್ಲಿಗೆ ಅದು ಇತ್ಯರ್ಥವಾಯಿತು. ಖುಷ್ಬು ಗೆಳತಿಯ ತೊಡೆ ತಟ್ಟಿ, "ಹೋಗ್ಲಿ ಬಿಡು, ಎರಡು ತಾನ," ಅಂದಳು.

ಕಳಕಮ್ಮ ಬಿಡಲಿಲ್ಲ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಮೂರನ್ನು ಎಂಟರಿಂದ ಮತ್ತೆ ಭಾಗಿಸಿದಳು. ಟಂಟಂ ಕುಲುಕಾಡಿ ಅಂಕಿ ಸೊಟ್ಟಗಾದವು, ಆದರೂ ಉತ್ತರ ಅದೇ ಬಂತು. ತಾನು ಬರೆದದ್ದು ತಪ್ಪಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೆ ಹದಿನೈದು ಜನ ತಪ್ಪು ಅಂತ ನಗುವಾಗ ತನಗೆ ಗೊತ್ತಿರುವುದೂ ಗೊತ್ತಿಲ್ಲದ ಹಾಗೆ ಆಗುತ್ತದೆ.

ಶಾಲೆಯ ಬಯಲಲ್ಲಿ ಗೆರೆ ಎಳೆದು ತಯಾರಾಗಿತ್ತು. ಕಟ್ಟೆಯ ಮೇಲೆ ವಿರುಪಣ್ಣ ಟವೆಲ್ಲು ತಲೆಗೆ ಸುತ್ತಿಕೊಂಡು ಕೂತಿದ್ದ. ಅವನ ಪಕ್ಕದಲ್ಲೇ ಗ್ಯಾನಪ್ಪ, ಎಲೆ ಅಡಿಕೆ ಮೆಲ್ಲುತ್ತ, ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಮಕ್ಕಳನ್ನು ನೋಡುತ್ತಿದ್ದ. ಹಂಪವ್ವ ಹೆಂಗಸರ ಜೊತೆ ಗೇಟಿನ ಹತ್ತಿರ ನಿಂತಿದ್ದಳು. ಸೊಂಟದ ಮೇಲೆ ಗಾಳೇಶ. ಐದು ವರ್ಷದವನಾದರೂ ಅವ್ವನ ಸೊಂಟ ಬಿಡುವ ಪೈಕಿ ಅಲ್ಲ.

ಮಾಸ್ತರರು ಉತ್ತರ ಓದತೊಡಗಿದರು. ಒಬ್ಬೊಬ್ಬರನ್ನೇ ಕರೆದು, ಕೇಳಿ, ಕೂಡಿಸಿ, ಗೆರೆ ತೋರಿಸಿದರು. ಸಿದ್ದಲಿಂಗೇಶ ಪಾಸಿನ ಗೆರೆಯ ತುದಿಗೆ ಹೋಗಿ ನಿಂತಾಗ ಕಟ್ಟೆಯಿಂದ ಚಪ್ಪಾಳೆ ಬಿತ್ತು. ಖುಷ್ಬುವಿಗೆ ಮೂವತ್ತು ಬಂತು, ಡೌಟಿನ ಗೆರೆ. ಅವಳು ಪಾಸಿನ ಗೆರೆಯನ್ನು ನೋಡಿ ಮೂಗು ಮುರಿದು, ಕುಣಿಯುತ್ತ ಹೋಗಿ ನಡುವೆ ನಿಂತಳು. ಕಡೆಯ ಗೆರೆಗೆ ಹೋದವರು ಮಾತ್ರ ತಲೆ ಎತ್ತಲಿಲ್ಲ.

ಕಳಕಮ್ಮನ ಸರದಿ ಬಂತು. ಪ್ರಮೇಯ ಪೂರ್ತಿ. ಗ್ರಾಫು ಪೂರ್ತಿ. ಶ್ರೇಢಿಯ ಲೆಕ್ಕದಲ್ಲಿ ಒಂದು ಹೋಯಿತು. ತ್ರಿಕೋನಮಿತಿ ಮುಟ್ಟಿಯೇ ಇರಲಿಲ್ಲ. ಚೆಂಡಿನ ಲೆಕ್ಕಕ್ಕೆ ಅವಳು ಉತ್ತರ ಹೇಳುತ್ತಿದ್ದ ಹಾಗೆ ಮಕ್ಕಳು ಕಿಸಕ್ಕೆಂದರು. ಮಾಸ್ತರರು ಉಳಿದವರ ಗಡಿಬಿಡಿಯಲ್ಲಿ, "ತಪ್ಪು, ಮುಂದ," ಅಂದುಬಿಟ್ಟರು. ಕೊನೆಗೆ ಕೂಡಿಸಿದರೆ ಇಪ್ಪತ್ತಾರು.

"ಕಡೀ ಸಾಲು," ಅಂದರು ಮಾಸ್ತರರು.

ಕಟ್ಟೆಯ ಮೇಲೆ ಗ್ಯಾನಪ್ಪ ವಿರುಪಣ್ಣನ ಬೆನ್ನು ತಟ್ಟಿದ. ಕಳಕಮ್ಮ ಅದನ್ನು ನೋಡಿದಳು. ನಿಂತಲ್ಲಿಂದಲೇ ಮಾಸ್ತರರ ಕಡೆ ತಿರುಗಿದಳು.

"ಸರ್ರಿ, ಚೆಂಡಿನ ಲೆಕ್ಕ ನಂದು ಸರಿ ಐತ್ರಿ."

"ಏನು?"

"ಮೂರನ್ನ ಎಂಟರಿಂದ ಭಾಗಾಕಾರ ಮಾಡಿ ನೋಡ್ರಿ."

ಮಾಸ್ತರರು ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದರು. ಆಮೇಲೆ ಪ್ರಶ್ನೆಪತ್ರಿಕೆ ನೋಡಿದರು. ಮೂವತ್ತು ವರ್ಷ ಗಣಿತ ಕಲಿಸಿದ ತಲೆ, ಅದಕ್ಕೆ ಚಾಕ್‌ಪೀಸು ಬೇಕಾಗಲಿಲ್ಲ. ಹಣೆ ಬಡಿದುಕೊಂಡು ನಕ್ಕೇಬಿಟ್ಟರು. "ಹೌದವಾ, ಬೆಲಿ ಅದ ಐತಿ. ನಾನ ಗಡಿಬಿಡಿ ಮಾಡಿದೆ. ಆದ್ರ ಹಿಂಗ ಯಾರು ಬರೀತಾರ? ಭಿನ್ನರಾಶಿಯೊಳಗ ಬಿಡಬೇಕಿತ್ತು."

"ಭಿನ್ನರಾಶಿ ನನಗ ಬರಂಗಿಲ್ರಿ. ಕಲಸಾಗ ನಾ ಇದ್ದಿದ್ದಿಲ್ಲ."

"ಹೂಂ. ಪೇಪರ್ ನೋಡೋರು ಪೂರ್ತಿ ಕೊಡ್ತಾರೋ ಇಲ್ಲೋ. ಒಂದು ಹಿಡೀತೀನಿ. ಇಪ್ಪತ್ತೇಳು."

"ಉತ್ತರ ಸರಿ ಇದ್ದ ಮ್ಯಾಲ ಎರಡು ಯಾಕ ಹಿಡಿಯಂಗಿಲ್ರಿ?"

ಮಾಸ್ತರರ ಎದುರು ಹೀಗೆ ಅಂಕದ ಚೌಕಾಸಿಗೆ ಇಳಿದವರನ್ನು ಆ ಬಯಲು ಕಂಡಿರಲಿಲ್ಲ. ಮಾಸ್ತರರಿಗೆ ಸಿಟ್ಟು ಬಂತೋ ಕನಿಕರ ಬಂತೋ, ಎರಡೂ ಬಂದವೋ. ಹುಡುಗಿಯ ಮುಖ ನೋಡಿದರು, ಕಟ್ಟೆಯ ಮೇಲಿದ್ದ ವಿರುಪಣ್ಣನನ್ನು ನೋಡಿದರು. ಆ ಅಪ್ಪ ಮಗಳ ಕರಾರು ಊರಿಗೆಲ್ಲ ಗೊತ್ತಿತ್ತು, ಮಾಸ್ತರರಿಗೂ ಗೊತ್ತಿತ್ತು. ದನಿ ಇಳಿಸಿದರು.

"ಹೋಗ್ಲಿ ಬಿಡು. ಒಂದು ಅಂಕ ನನ್ನ ಕಡಿಂದ ಗ್ರೇಸ್ ಅಂತ ತಿಳಕೋ. ಇಪ್ಪತ್ತೆಂಟು. ನಡೀ, ನಡುವಿನ ಸಾಲಿಗೆ ನಿಂದ್ರು."

ಖುಷ್ಬು ತನ್ನ ಪಕ್ಕದಲ್ಲಿ ಜಾಗ ಮಾಡಿ ಕೈ ಬೀಸಿದಳು. ವಿರುಪಣ್ಣನ ಮುಖ ಸಡಿಲವಾಯಿತು. ಎಷ್ಟೆಂದರೂ ಅಪ್ಪ, ಮಗಳು ಕಡೆಯ ಗೆರೆಗೆ ನಿಲ್ಲಲಿ ಅಂತ ಹರಕೆ ಹೊತ್ತವನೇನಲ್ಲ. ಕಳಕಮ್ಮನೂ ಒಂದು ಹೆಜ್ಜೆ ಎತ್ತಿದಳು. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ಅವಳಿಗೆ ಸಂತೋಷವೇ ಆಯಿತು.

ಅಷ್ಟರಲ್ಲಿ ಗ್ಯಾನಪ್ಪ ಎಲೆಯ ರಸ ಉಗುಳಿ ನಕ್ಕ. "ಏನ್ರಿ ಮಾಸ್ತರ, ದಾನ ಧರ್ಮ ಶುರು ಮಾಡೀರೇನು? ಹಿಂಗ ಒಂದೊಂದ ಅಂಕ ಹಂಚಿದ್ರ ನನಗ ಆಳು ಎಲ್ಲಿಂದ ಸಿಗಬೇಕ್ರಿ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮಾಸ್ತರರೂ ನಕ್ಕರು. ವಿರುಪಣ್ಣನೂ ನಗು ತಡೆಯಲಾರದೆ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

ಕಳಕಮ್ಮ ನಿಂತುಬಿಟ್ಟಳು. ಬರೆದದ್ದು ತಾನು, ಸರಿಯಾಗಿ ಬರೆದದ್ದೂ ತಾನು. ತನ್ನದೇ ಅಂಕವನ್ನು ತನಗೆ ಭಿಕ್ಷೆಯ ಹಾಗೆ ಹಾಕುತ್ತಾರೆ, ಅದನ್ನು ಇನ್ನೊಬ್ಬ ನಗುತ್ತ ಕಿತ್ತುಕೊಳ್ಳಲು ನೋಡುತ್ತಾನೆ. ಒಬ್ಬನ ಬಾಯಿಂದ ಒಂದು ಅಂಕ ಬಿದ್ದರೆ ಇಲ್ಲಿ, ಬೀಳದಿದ್ದರೆ ಉಡುಪಿಯಲ್ಲಿ. ಇದೇನು ಅವಳ ಬದುಕೋ, ಚಹಾದ ಶರತ್ತೋ? ಅಷ್ಟು ದಿನ ತಾನೂ ಈ ಆಟಕ್ಕೆ ಹೂಂ ಅಂದಿದ್ದೆನಲ್ಲ ಅನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತಂದಿತು.

"ಬ್ಯಾಡ್ರಿ ಸರ್. ನಿಮ್ಮ ಗ್ರೇಸ್ ನನಗ ಬ್ಯಾಡ," ಅಂದಳು.

"ಹಂಗಾದ್ರ ಕಡೀ ಸಾಲಿಗೆ ನಿಂದ್ರಬೇಕಾಗ್ತೈತಿ ನೋಡು."

"ಅಲ್ಲೂ ನಿಂದ್ರಂಗಿಲ್ರಿ. ನೀವು ಹೇಳೂದು ಅಂದಾಜು. ನಾ ಬರದಿದ್ದು ಉತ್ತರ. ಅಂದಾಜಿನ ಮ್ಯಾಲ ನಾ ಯಾಕ ನಿಂದ್ರಬೇಕು?"

ಕಳಕಮ್ಮ ಸುಣ್ಣದ ಗೆರೆಗಳನ್ನು ದಾಟಿ ಸೀದಾ ಕಟ್ಟೆಯ ಮುಂದೆ ಹೋಗಿ ಅಪ್ಪನ ಎದುರು ನಿಂತಳು.

"ಯಪ್ಪಾ, ಪಾಸಾದ್ರ ಇರ್ತೀನಿ ಅಂತ ಒಪ್ಪಿದ್ದೆ ನೋಡು, ಅದು ನನ್ನ ತಪ್ಪು. ಈಗ ಹೇಳ್ತೀನಿ ಕೇಳು. ಪಾಸಾದ್ರೂ ಇರ್ತೀನಿ, ಫೇಲಾದ್ರೂ ಇರ್ತೀನಿ. ಫೇಲಾದ್ರ ಮತ್ತ ಬರೀತೀನಿ. ಅದರಾಗೂ ಫೇಲಾದ್ರ ಮೂರನೇ ಸಲ ಬರೀತೀನಿ. ಗ್ಯಾನಪ್ಪ ಕಾಕಾನ ಗಾಡಿ ಮಾತ್ರ ಹತ್ತಂಗಿಲ್ಲ."

"ಹುಚ್ಚು ಹಿಡಿದೈತೇನಬೇ ನಿನಗ? ಮಂದಿ ಮುಂದ ಏನ್ ಮಾತಾಡ್ತಿ!" ಅಂತ ವಿರುಪಣ್ಣ ಕಟ್ಟೆಯಿಂದ ಧುಮುಕಿದ. ಕೈ ಮೇಲೆತ್ತಿದ.

"ಹೊಡಿ," ಅಂದಳು ಕಳಕಮ್ಮ. "ಹೊಡಸ್ಕೊಂಡೂ ಇಲ್ಲೇ ಇರ್ತೀನಿ."

ಎತ್ತಿದ ಕೈಯನ್ನು ಏನು ಮಾಡಬೇಕೆಂದು ವಿರುಪಣ್ಣನಿಗೆ ತಿಳಿಯಲಿಲ್ಲ. ಅದರಲ್ಲೇ ತಲೆಯ ಟವೆಲ್ಲು ಬಿಚ್ಚಿ ಕೊಡವಿ, ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಗೇಟು ದಾಟಿ ಹೋದ. ಕಡೆಯ ಗೆರೆಯ ಮೇಲಿದ್ದ ಒಬ್ಬ ಹುಡುಗ ಆಗ ಮೊದಲ ಬಾರಿಗೆ ತಲೆ ಎತ್ತಿ ನೋಡಿದ.

ಊರು ಬಿಟ್ಟೀತೆ? ಆ ಸಂಜೆ ಚಹಾದಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಹೆಣ್ಣಿಗೆ ನಾಲಿಗೆ ಉದ್ದವಾಯಿತು ಅಂದರು. ಮಾಸ್ತರರ ಮರ್ಯಾದೆ ತೆಗೆದಳು ಅಂದರು. ಮೂಗಿಗಿಂತ ಮೂಗುತಿ ಭಾರ ಅಂದರು. ಗಣಿತದಲ್ಲಿ ಪಾಸಾಗುವ ಖಾತ್ರಿ ಇಲ್ಲದವಳಿಗೆ ಇಷ್ಟು ಸೊಕ್ಕಾದರೆ, ಪಾಸಾದರೆ ಇನ್ನೇನು ಗತಿ ಅಂತಲೂ ಅಂದರು. ಅವರ ಬಾಯಿಗೆ ಬೀಗ ಹಾಕುವವರು ಯಾರು?

ಮನೆಯಲ್ಲಿ ವಿರುಪಣ್ಣ ಮಗಳ ಜೊತೆ ಮಾತು ಬಿಟ್ಟ. ಇನ್ನೂ ಎರಡು ಪತ್ರಿಕೆ ಬಾಕಿ ಇದ್ದವು. ಕಳಕಮ್ಮ ಓದಿದಳು, ಕುಷ್ಟಗಿಗೆ ಹೋಗಿ ಬರೆದು ಬಂದಳು. ರೊಟ್ಟಿ ಬಡಿದು ಅಪ್ಪನ ತಾಟಿಗೆ ಹಾಕಿದರೆ ಅವನು ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ಬೈದಿದ್ದರೆ ಅವಳಿಗೆ ತಡೆಯುವುದು ಸುಲಭವಿತ್ತು. ಆ ಮೌನಕ್ಕೆ ಎದುರುತ್ತರ ಕೊಡುವುದು ಹೇಗೆಂದು ತಿಳಿಯದೆ ಒಂದೆರಡು ಸಲ ಹಿತ್ತಲಿಗೆ ಹೋಗಿ ಅತ್ತಳು. ಆದರೆ ಬರುತ್ತೇನೆ ಅಂತ ಮಾತ್ರ ಅನ್ನಲಿಲ್ಲ.

ಕಡೆಯ ಪತ್ರಿಕೆಯ ಮರುದಿನ ಬೆಳಿಗ್ಗೆ ಗ್ಯಾನಪ್ಪನ ಗಾಡಿ ಓಣಿಗೆ ಬಂದು ನಿಂತಿತು. ಹಾಸಿಗೆ, ಪಾತ್ರೆ, ಜೋಳದ ಹಿಟ್ಟಿನ ಡಬ್ಬಿ, ಸನಿಕೆ ಬುಟ್ಟಿ ಎಲ್ಲ ಏರಿದವು. ವಿರುಪಣ್ಣ ಯಾರಿಗೂ ಹೇಳದೆ ಮಗಳ ಬಟ್ಟೆಯ ಚೀಲವನ್ನೂ ಎತ್ತಿ ಗಾಡಿಯೊಳಗೆ ಎಸೆದಿದ್ದ. ಕಳಕಮ್ಮ ಹೊಸ್ತಿಲ ಮೇಲೆ ನಿಂತು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಎಷ್ಟು ತಲಿ ಆದುವು?" ಗ್ಯಾನಪ್ಪ ಕೇಳಿದ. "ಹುಡುಗಿ ಎಲ್ಲಿ? ಏ ಹಂಪವ್ವ, ಹುಡುಗರನ್ನ ನೋಡ್ಕೊಳ್ಳಾಕ ಯಾರು ಅಂತೀನಿ?"

ಅಷ್ಟು ದಿನ ಒಂದು ಮಾತೂ ಆಡದಿದ್ದ ಹಂಪವ್ವ ಗಾಡಿಯೊಳಗೆ ಎದ್ದು ನಿಂತಳು. ಮಗಳ ಬಟ್ಟೆಯ ಚೀಲ ಹುಡುಕಿ, ಮನೆಯ ಕಟ್ಟೆಯ ಮೇಲೆ ಬೀಳುವ ಹಾಗೆ ಎಸೆದಳು.

"ನನ್ನ ಹುಡುಗನ್ನ ನಾ ನೋಡ್ಕೋತೀನಿ. ಉಳಿದವರದು ಅವರವರ ಅವ್ವದೇರು ನೋಡ್ಕೊಳ್ಳಲಿ," ಅಂದಳು. "ಮೂರು ವರ್ಷ ಆಕಿ ತೂಗ್ಯಾಳ. ಸಾಕು."

ವಿರುಪಣ್ಣ ಹೆಂಡತಿಯನ್ನು ನೋಡಿದ, ಕಟ್ಟೆಯ ಮೇಲೆ ಬಿದ್ದ ಚೀಲವನ್ನು ನೋಡಿದ. ಗ್ಯಾನಪ್ಪ ಗೊಣಗಿದ. ಗಾಡಿ ಹೊರಟಿತು. ಗಾಳೇಶ ಹಿಂದಿನಿಂದ ಅಕ್ಕನಿಗೆ ಕೈ ಬೀಸುತ್ತಿದ್ದ. ವಿರುಪಣ್ಣ ಮುಂದೆ ನೋಡುತ್ತ ಕೂತವನು ತಿರುಗಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಖುಷ್ಬು ತನ್ನ ಅಣ್ಣನ ಫೋನಿನಲ್ಲಿ ನೋಡಿದಳು. ಅವಳಿಗೆ ಮೂವತ್ತೆರಡು, ಪಾಸು. ಸಿದ್ದಲಿಂಗೇಶನ ಮನೆಯ ಮುಂದೆ ಪಟಾಕಿ ಹೊಡೆದರು. ಕಳಕಮ್ಮನಿಗೆ ಉಳಿದ ಎಲ್ಲ ವಿಷಯಗಳಲ್ಲೂ ಪಾಸು, ಗಣಿತದಲ್ಲಿ ಇಪ್ಪತ್ತೈದು. ಚೆಂಡಿನ ಲೆಕ್ಕಕ್ಕೆ ಒಂದು ಕೊಟ್ಟರೋ ಎರಡು ಕೊಟ್ಟರೋ ಯಾರಿಗೂ ತಿಳಿಯಲಿಲ್ಲ. ಮಾಸ್ತರರ ಸಾಲು ಸುಳ್ಳಾಗಲಿಲ್ಲ ಅಂತ ಚಹಾದಂಗಡಿಯಲ್ಲಿ ಮತ್ತೆ ಮಾತು ಶುರುವಾಯಿತು.

ಖುಷ್ಬು ಅತ್ತಳು, ಕಳಕಮ್ಮ ಅಳಲಿಲ್ಲ. ಸುದ್ದಿ ಗ್ಯಾನಪ್ಪನ ಬಾಯಿಂದ ಅಪ್ಪನಿಗೆ ಮುಟ್ಟುವ ಮುಂಚೆ ತಾನೇ ಹೇಳಬೇಕು ಅಂತ ಆ ಫೋನನ್ನೇ ತೆಗೆದುಕೊಂಡು ಉಡುಪಿಗೆ ಹಚ್ಚಿದಳು. ಅಪ್ಪ ಈಗಲಾದರೂ ಕೆಲಸಕ್ಕೆ ಬಾ ಅಂದರೆ ಏನು ಹೇಳಬೇಕು, ಕಾಲೇಜಿನ ಮಾತು ಮರೆತುಬಿಡು ಅಂದರೆ ಏನು ಹೇಳಬೇಕು, ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದಳು. ಆ ಕಡೆ ಕಾಂಕ್ರೀಟು ಕಲೆಸುವ ಮಿಷಿನ್ನಿನ ಗರಗರ ಸದ್ದು.

"ಯಪ್ಪಾ, ನಾನು. ಫೇಲಾದೆ."

"ಎಷ್ಟು ಬಂತು?" ಬಯಲಿನ ಆ ಮಧ್ಯಾಹ್ನದ ನಂತರ ಮಗಳ ಜೊತೆ ಇದು ಅವನ ಮೊದಲ ಮಾತು.

"ಗಣಿತದಾಗ ಇಪ್ಪತ್ತೈದು. ಉಳಿದಿದ್ದು ಎಲ್ಲಾ ಪಾಸು."

ಮಿಷಿನ್ನು ತಿರುಗುತ್ತಲೇ ಇತ್ತು. ಕಳಕಮ್ಮ ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

"ಎರಡನೇದು ಯಾವಾಗ ಐತಿ?"

ಇದಕ್ಕೆ ಅವಳು ಯಾವ ಉತ್ತರವನ್ನೂ ತಯಾರು ಮಾಡಿಕೊಂಡಿರಲಿಲ್ಲ. ತಡವರಿಸಿಕೊಂಡು ತಾರೀಖು ಹೇಳಿದಳು. ಆ ಕಡೆಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಆಗ ವಿರುಪಣ್ಣ ಫೋನು ಕಿವಿಯಿಂದ ದೂರ ಹಿಡಿದು ಯಾರಿಗೋ ಜೋರಾಗಿ ಗದರಿದ್ದು ಗುಡ್ಡದಹಾಳದವರೆಗೆ ಕೇಳಿಸಿತು.

"ಏ, ಮಿಷಿನ್ ಬಂದ್ ಮಾಡ್ರಲೇ! ನನ್ನ ಮಗಳು ಪರೀಕ್ಷಾದ ತಾರೀಖು ಹೇಳಾಕತ್ತಾಳ."

ಸದ್ದು ನಿಂತಿತು.

"ಹೂಂ, ಈಗ ಹೇಳವಾ," ಅಂದ.